ಅಪ್ಪ ಮೂಸಿದ ತಟ್ಟೆ

ಇವತ್ತು ಶಹಾಬಾದಿನ ಹೋಟೆಲಿನಲ್ಲಿ ಸುಸಲಾ ಬಂತು. ನೆನೆದ ಚುರುಮುರಿ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆ. ತಿನ್ನುವ ಮೊದಲೇ ತಟ್ಟೆ ಎತ್ತಿ ಮೂಸಿದೆ. ಈಗಿಲ್ಲದ ಅಪ್ಪ ನೆನಪಾದರು.

ಚಿತ್ತಾಪುರದ ಗುಡಿಯಲ್ಲಿ ಪೂಜೆ ಮಾಡುತ್ತಿದ್ದ ಅಪ್ಪ ಹೊರಗಿನದೇನನ್ನೂ ತಿನ್ನುತ್ತಿರಲಿಲ್ಲ. ಆದರೆ ಯಾವ ಊರಿಗೆ ಹೋದರೂ ಚಿಕ್ಕವಳಾಗಿದ್ದ ನನ್ನನ್ನು ಹೋಟೆಲಿನಲ್ಲಿ ಕೂರಿಸುತ್ತಿದ್ದರು. ವಾಡಿಯಲ್ಲಿ ಪೂರಿ, ಸೇಡಂನಲ್ಲಿ ಮಿರ್ಚಿ ಭಜಿ, ಇಲ್ಲಿ ಸುಸಲಾ. ತಾವು ಎದುರಿಗೆ ಕೂತು, ಮನೆಯಿಂದ ತಂದ ತಂಬಿಗೆಯ ನೀರು ಕುಡಿಯುತ್ತ ಕೇಳುತ್ತಿದ್ದರು: "ಹ್ಯಾಂಗದವ್ವಾ? ಹುಳಿ ಮುಂದದನೋ, ಖಾರ ಮುಂದದನೋ?"

"ಛಲೋ ಅದ" ಎನ್ನುತ್ತಿದ್ದೆ, ಬಾಯಿ ತುಂಬಿಕೊಂಡು. ಅಷ್ಟೇ. ಅವರು ನನ್ನ ನಾಲಿಗೆಯಿಂದ ರುಚಿ ನೋಡುತ್ತಿದ್ದರೆಂದು ನನಗೆಲ್ಲಿ ಗೊತ್ತಿತ್ತು?

ಒಮ್ಮೆ ಇದೇ ಊರಿನಲ್ಲಿ ಅಪ್ಪ ನನ್ನ ತಟ್ಟೆ ಎತ್ತಿ, ಕಣ್ಣು ಮುಚ್ಚಿ ಮೂಸಿದರು. ಪಕ್ಕದ ಮೇಜಿನವರು ನಕ್ಕರು.

"ಅಪ್ಪಾ, ಕೆಳಗ ಇಡ್ರಿ! ಮಂದಿ ನೋಡ್ಲಿಕತ್ತಾರ" ಎಂದು ಸಿಡುಕಿದೆ.

ಅವರು ತಟ್ಟೆಯನ್ನು ಫರಸಿ ಕಲ್ಲಿನ ಮೇಜಿನ ಮೇಲೆ ಸದ್ದಾಗದಂತೆ ಇಟ್ಟರು.

ಆಮೇಲೂ ಹೋಟೆಲಿಗೆ ಕರೆದೊಯ್ದರು. ಆದರೆ ನಾನು ತಿಂದು ಮುಗಿಸುವವರೆಗೆ ಬಾಗಿಲ ಹೊರಗೆ ನಿಂತಿರುತ್ತಿದ್ದರು. ಹೇಗಿತ್ತೆಂದು ಮತ್ತೆಂದೂ ಕೇಳಲಿಲ್ಲ.

ಇವತ್ತು ತುತ್ತಿಗೊಮ್ಮೆ ಮೂಸುತ್ತಿದ್ದ ನನ್ನನ್ನು ಕಂಡು ಹೋಟೆಲಿನ ಯಜಮಾನರು ಗಾಬರಿಯಾದರು. "ಯಾಕ್ರೀ ಅಕ್ಕಾರ, ಕೆಟ್ಟದೇನ್ರಿ?"

"ಇಲ್ರೀ. ಹುಳಿ ಒಂಚೂರು ಮುಂದದ, ಖಾರ ಹಿಂದಿಂದ ಬರ್ತದ. ಕರಿಬೇವಿನ ಘಮ ಅಂತೂ ಭಾಳ ಛಲೋ ಅದ."

ಇಷ್ಟುದ್ದದ ಉತ್ತರ ಅವರಿಗೆ ಬೇಕಿರಲಿಲ್ಲ. ಬೇಕಿದ್ದವರು ಬಾಗಿಲ ಹೊರಗೇ ಉಳಿದುಬಿಟ್ಟರು.