ಎಲೆಗಿದ್ದ ಕಿಂಡಿ

ಕ್ಷಮೆ ದೊಡ್ಡ ಗುಣ ಎನ್ನುವವರು ಮನೆಗೆ ಬಂದರೆ ಮಜ್ಜಿಗೆ ಕೊಟ್ಟು ಕಳಿಸುತ್ತೇನೆ, ವಾದಕ್ಕೆ ಹೋಗುವುದಿಲ್ಲ. ಆ ಗುಣ ನನಗಿಲ್ಲ. ಹುಣಸೂರಿನ ಆ ಸಾಹುಕಾರನ ಮುಖ ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ, ಉಳಿದಿರುವ ನಾಲ್ಕು ಹಲ್ಲಿನಲ್ಲೇ. ಎದುರಿಗೆ ‘ಬುದ್ಧಿ’ ಎನ್ನುತ್ತಿದ್ದೆವು. ಇಲ್ಲಿ ‘ಅವನು’ ಎಂದೇ ಬರೆಯುತ್ತೇನೆ, ಅಷ್ಟಾದರೂ ಆಗಲಿ.

ಮಹಾರಾಜರ ಕಾಲ. ಅವನಿಗೆ ಎರಡು ಕಸುಬು. ಪಿರಿಯಾಪಟ್ಟಣದ ರಸ್ತೆ ಬದಿಗೆ ಬಸ್ಸುಗಳಿಗೆ ಬಣ್ಣ ಹೊಡೆಯುವ ತಗಡಿನ ಶೆಡ್ಡು. ಅದರ ಹಿಂದಿನ ಹೊಲದಲ್ಲಿ ಹೊಗೆಸೊಪ್ಪನ್ನು ಕಾವು ಕೊಟ್ಟು ಒಣಗಿಸುವ ಎತ್ತರದ ಮನೆ. ಅದನ್ನು ಬ್ಯಾರನ್ನು ಎನ್ನುತ್ತಿದ್ದೆವು. ನಮ್ಮ ಯಜಮಾನರು ಶೆಡ್ಡಿನಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದರು. ನಾನು ಬ್ಯಾರನ್ನಿನಲ್ಲಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದೆ.

ಮೊದಲೆಲ್ಲ ಬ್ರಷ್ಷಿನ ಕೆಲಸ, ಬಾಗಿಲು ತೆರೆದುಕೊಂಡೇ ನಡೆಯುತ್ತಿತ್ತು. ಆಮೇಲೆ ಮೈಸೂರಿನಿಂದ ಗಾಳಿಯ ಒತ್ತಡದಲ್ಲಿ ಬಣ್ಣ ಎರಚುವ ಯಂತ್ರ ಬಂತು. ಬಸ್ಸು ಕನ್ನಡಿಯ ಹಾಗೆ ಹೊಳೆಯಬೇಕು, ಹಸಿ ಬಣ್ಣದ ಮೇಲೆ ರಸ್ತೆಯ ಕೆಂಧೂಳು ಚೂರೂ ಕೂರಬಾರದು ಎಂದು ಸಾಹುಕಾರ ಕಿಟಕಿಗಳಿಗೆಲ್ಲ ಹಲಗೆ ಹೊಡೆಸಿದ. ಬಾಗಿಲಿಗೆ ಒದ್ದೆ ಗೋಣಿ ಇಳಿಬಿಡಿಸಿದ. ಒಳಗೆ ಬಣ್ಣದ ಮಂಜು, ಅದನ್ನು ತೆಳು ಮಾಡುವ ಎಣ್ಣೆಯ ಘಾಟು. ಯಜಮಾನರು ಮೂಗಿಗೆ ನನ್ನ ಹಳೇ ಸೀರೆಯ ತುಂಡು ಕಟ್ಟಿಕೊಂಡು ಹೋಗುತ್ತಿದ್ದರು. ಸಂಜೆ ಬಿಚ್ಚಿದರೆ ಬಟ್ಟೆಯ ಒಳಮೈಗೂ ಬಸ್ಸಿನ ಬಣ್ಣ, ಕೆಮ್ಮಿ ಉಗುಳಿದರೂ ಅದೇ ಬಣ್ಣ.

ನಾನು ಬುತ್ತಿ ಕೊಡಲು ಹೋದಾಗ ಒಮ್ಮೆ ಯಜಮಾನರು ಅವನ ಮುಂದೆ ಕೈಮುಗಿದು ನಿಂತಿದ್ದರು. “ಬುದ್ಧಿ, ಈ ಗೋಡೇಲಿ ಒಂದು ಕಿಂಡಿ ಮಾಡ್ಸಿ. ತೆಳ್ಳನೆ ಬಟ್ಟೆ ಕಟ್ಟಿದ್ರೆ ಧೂಳು ಅಲ್ಲೇ ನಿಂತ್ಕತದೆ, ಗಾಳಿ ಒಳಿಕ್ಕೆ ಬತ್ತದೆ. ಎದುರು ಗೋಡೇಲಿ ನೆಲದತ್ರ ಇನ್ನೊಂದು ಮಾಡ್ಸಿ. ಈ ಘಾಟು ಕೆಳಿಕ್ಕೆ ಇಳಿಯೋದು, ಅಲ್ಲಿಂದ ಆಚೆಗೋಯ್ತದೆ.”

“ಧೂಳು ಬೀಳ್ತದೆ ಕಣಯ್ಯ,” ಎಂದ. “ನಿನ್ ಮೂಗಿಗೋಸ್ಕರ ನನ್ ಬಸ್ ಕೆಡಿಸ್ಲಾ?”

ಮತ್ತೆ ಕೇಳಿದರೂ ಅದೇ ಮಾತು. ಒಂದು ಸಂಜೆ ಬಣ್ಣ ನೋಡಬೇಕೆಂದು ಅವನು ಉರಿಯುವ ಲಾಟೀನು ಹಿಡಿದು ಒಳನುಗ್ಗಲು ಬಂದಾಗ ಯಜಮಾನರು ಬಾಗಿಲಲ್ಲೇ ತಡೆದರು. ಆ ಘಾಟಿಗೆ ಕಿಡಿ ತಾಗಿದ್ದರೆ ಶೆಡ್ಡೇ ಭುಗ್ ಎನ್ನುತ್ತಿತ್ತು. ಅವನ ಪ್ರಾಣ ಉಳಿಸಿದರು ಪುಣ್ಯಾತ್ಮರು. ಅದೊಂದಕ್ಕೆ ನಮ್ಮ ಯಜಮಾನರನ್ನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಕೊನೆಗೊಂದು ದಿನ ಶೆಡ್ಡಿನವರು ಅವರನ್ನು ಹೊತ್ತುಕೊಂಡು ಹೊರಗೆ ತಂದರು. ತುಟಿ ನೀಲಿಗಟ್ಟಿತ್ತು. ಹೊಂಗೆಮರದ ಕೆಳಗೆ ಮಲಗಿಸಿ ಸೆರಗಿನಿಂದ ಬೀಸಿದೆ. ಉಸಿರು ಬಂತು, ಆದರೆ ಎದೆಯೊಳಗೆ ಹತ್ತಿದ ಸಿಳ್ಳೆ ಮತ್ತೆ ನಿಲ್ಲಲಿಲ್ಲ. ಸಾಹುಕಾರ ಬಂದವನೇ ಬಾಗಿಲಿನ ಗೋಣಿ ಯಾರು ಸರಿಸಿದ್ದು ಎಂದು ಕೇಳಿದ.

ಅವರು ಮನೆಯಲ್ಲಿ ಮಲಗಿದ್ದರು, ಹೊಟ್ಟೆಪಾಡು, ನಾನು ಬ್ಯಾರನ್ನಿಗೆ ಹೋಗಲೇಬೇಕಿತ್ತು. ಅಲ್ಲಿ ಒಲೆ ಕಾಯುವವನಿಗೆ ಜ್ವರ. ಸಾಹುಕಾರನೇ ಬಂದು ನನಗೆ ಹೇಳಿಕೊಟ್ಟ. “ಎಲೆ ಹಳದಿ ತಿರುಗೈತೆ. ಬಿಸಿಲೇರ್ತಿದ್ದಂಗೆ ಕೆಳಗಿನ ಕಿಂಡಿ, ಮೇಲಿನ ಕಿಂಡಿ ಎರಡೂ ತೆಗೆದು ಒಲೆ ಜೋರು ಮಾಡು. ಮುಚ್ಚೇ ಇದ್ರೆ ಬೆವರು ಒಳಗೇ ನಿಂತು ಎಲೆ ಕಪ್ಪಾಗ್ತದೆ. ಎಲೇನೂ ಉಸ್ರಾಡಕ್ ಬುಡ್ಬೇಕು ಕಣಮ್ಮ.”

“ಆಗ್ಲಿ ಬುದ್ಧಿ,” ಎಂದೆ. ಅವನು ಗಾಡಿ ಹತ್ತಿ ಬೆಟ್ಟದಪುರದ ಕಡೆ ಹೋದ.

ಅಲ್ಲಿಯತನಕ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ದೇವರಾಣೆ. ಎಲೆಗೂ ಉಸಿರು ಬೇಕು ಎಂದು ಅವನ ಬಾಯಲ್ಲೇ ಕೇಳಿದ ಮೇಲೆ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಒಲೆಗೆ ಸೌದೆ ತುಂಬಿದೆ. ಕಿಂಡಿ ಮುಟ್ಟಲಿಲ್ಲ. ಎಲೆಅಡಿಕೆ ಹಾಕಿಕೊಂಡು, ಕಿಂಡಿಗೆ ಬೆನ್ನು ಕೊಟ್ಟು, ಬೆನ್ನು ಸುಡುವಂತಾದರೂ ಏಳದೆ ಕೂತೆ. ಒಳಗಿನ ಸಿಹಿವಾಸನೆ ಹೋಗಿ ಬೇಯಿಸಿದ ಸೊಪ್ಪಿನ ಹುಳಿವಾಸನೆ ಬಂದಾಗ ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಸಂಜೆ ಬಂದು ಬಾಗಿಲು ತೆಗೆದ. ಇಡೀ ಬೆಳೆ ಕರ್ರಗೆ ಜೋತಾಡುತ್ತಿತ್ತು.

“ಕಿಂಡಿ ಯಾಕ್ ತೆಗೀಲಿಲ್ಲ?” ಎಂದು ಕಿರುಚಿದ.

“ಧೂಳು ಬೀಳ್ತದೆ ಅಂತ, ಬುದ್ಧಿ.”

ಕೈ ಎತ್ತಿದ. ಕಿರುಚಾಟ ಕೇಳಿ ಶೆಡ್ಡಿನವರೆಲ್ಲ ಬಂದು ಸುತ್ತ ನಿಂತಿದ್ದರು. ಎತ್ತಿದ ಕೈ ಹಾಗೇ ಇಳಿಯಿತು.

ಇಬ್ಬರ ಕೆಲಸವೂ ಹೋಯಿತು. ಹನಗೋಡಿನ ತವರಿಗೆ ಬಂದೆವು. ಗೋಡೆಗೆ ಕಿಂಡಿ ಕೊರೆಯುವತನಕ ಕೆಲಸದವರು ಯಾರೂ ಶೆಡ್ಡಿನೊಳಗೆ ಕಾಲಿಡಲಿಲ್ಲವಂತೆ. ಕಡೆಗೆ ಯಜಮಾನರು ಹೇಳಿದ ಜಾಗದಲ್ಲೇ ಕೊರೆಸಿದನಂತೆ. ಕೇಳಿ ಅವರು ನಕ್ಕರು. ನನಗೆ ನಗು ಬರಲಿಲ್ಲ. ಮರುವರ್ಷ ಬ್ಯಾರನ್ನಿನಿಂದ ಮತ್ತೆ ಹೊಂಬಣ್ಣದ ಎಲೆ ಇಳಿಯಿತು. ಅದಕ್ಕೂ ಮೊದಲೇ ನಮ್ಮ ಯಜಮಾನರು, ಲಕ್ಷ್ಮಣತೀರ್ಥದ ಕಡೆಯಿಂದ ಗಾಳಿ ತುಂಬಿ ಬರುವ ಜಗುಲಿಯಲ್ಲಿ ಮಲಗಿ, ಉಸಿರು ಸಾಲದೆ ಹೋದರು.

ಅಷ್ಟು ಎಲೆ ಹಾಳು ಮಾಡಿದೆಯಲ್ಲ, ಮನಸ್ಸಿಗೆ ಕೊರಗಿಲ್ಲವೇ ಎಂದು ಮೊಮ್ಮಗಳು ಕೇಳುತ್ತಾಳೆ. ಇದೆ. ನಾನು ಹಾಳು ಮಾಡಲು ಅವನಿಗಿದ್ದದ್ದು ಒಂದೇ ಬ್ಯಾರನ್ನು.