ರಸೀದಿಯಲ್ಲಿ ಅವರ ಹೆಸರು

ರಸೀದಿಗಳನ್ನು ನಂಬುವುದಾದರೆ ಆರು ತಿಂಗಳು ಕೆಮ್ಮಿದವರು ಭದ್ರಾವತಿಯ ಲೋಲಾಕ್ಷಮ್ಮ. ನಿಜಕ್ಕೂ ಕೆಮ್ಮಿ ಕೆಮ್ಮಿ ತೀರಿಕೊಂಡವರು ಅವರ ಗಂಡ, ಕಾರ್ಖಾನೆಯಿಂದ ನಿವೃತ್ತರಾಗಿದ್ದ ಚೌಡಪ್ಪ. ಮಾಲು ಒಬ್ಬರದು, ಬಿಲ್ಲು ಇನ್ನೊಬ್ಬರದು. ಮೊಬೈಲಿನಲ್ಲಿ ಡಾಕ್ಟರಿಗೆ ತೋರಿಸುವಾಗ ರೋಗಿಯ ಹೆಸರು ಕೇಳಿದರೆ ಲೋಲಾಕ್ಷಮ್ಮ ‘ನಮ್ಮನೆಯವರು’ ಅಂದಿದ್ದರು. ಅದು ಸಾಲದೆಂದಾಗ ತಮ್ಮ ಹೆಸರನ್ನೇ ಕೊಟ್ಟಿದ್ದರು.

ಫೀಸು ಕಟ್ಟಿದವಳು ಶಿವಮೊಗ್ಗದಲ್ಲಿ ಟೀಚರಾಗಿರುವ ಮಗಳು ವಾಣಿ. ತೆರಿಗೆ ವಿನಾಯಿತಿಗೆಂದು ರಸೀದಿಗಳನ್ನು ಒಯ್ದರೆ ಗಾಂಧಿ ಬಜಾರಿನ ಆಡಿಟರ್ ಆಗುವುದಿಲ್ಲವೆಂದು ತಲೆಯಾಡಿಸಿದರು. “ಅರವತ್ತು ದಾಟಿದ ಅಪ್ಪನ ಹೆಸರಲ್ಲಿರ್ಬೇಕು ಮೇಡಂ. ಅಮ್ಮಂಗಿನ್ನೂ ಐವತ್ತೇಳು.”

ಮೊಬೈಲಿನಲ್ಲಿ ಡಾಕ್ಟರನ್ನು ಒದಗಿಸಿದ ಕಂಪನಿಯಲ್ಲಿ ಖಾತೆ ಅಮ್ಮನದಾದ್ದರಿಂದ ಅವರೇ ಅಲ್ಲಿಗೆ ಫೋನ್ ಮಾಡಿ ಹೆಸರು ತಿದ್ದಿಸಬೇಕಾಯಿತು.

“ಪೇಷೆಂಟ್ ಹೆಸರು ಹೇಳಿ ಅಮ್ಮ,” ಅಂದಳು ಆ ಕಡೆಯ ಹುಡುಗಿ.

“ನೀನೇ ಹೇಳೇ ವಾಣಿ.”

“ಇಲ್ಲ ಅಮ್ಮ, ನೀವೇ ಹೇಳ್ಬೇಕು. ಕಾಲ್ ರೆಕಾರ್ಡ್ ಆಗ್ತಿದೆ,” ಅಂದಳು ಫೋನಿನ ಹುಡುಗಿ.

“ಚೌಡಪ್ಪ,” ಅಂದರು ಲೋಲಾಕ್ಷಮ್ಮ, ಸೆರಗಿನೊಳಗೆ.

“ಕೇಳಿಸ್ಲಿಲ್ಲ, ಸ್ವಲ್ಪ ಜೋರಾಗಿ.”

“ಚೌಡಪ್ಪ!”

ಹೆಸರು ಬದಲಾಯಿತು. ಲೋಲಾಕ್ಷಮ್ಮ ಫೋನನ್ನು ಮಗಳ ಕೈಗೆ ಕೊಟ್ಟರು.

“ಹೆಸರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿಯಾಗುತ್ತೆ ಅಂತ ನಮ್ಮತ್ತೆ ಹೇಳಿದ್ರು. ಮೂವತ್ತಾರು ವರ್ಷ ಒಂದ್ಸಲಾನೂ ಹೇಳ್ಲಿಲ್ಲ ಮಾರಾಯ್ತಿ. ಆದ್ರೂ ಹೋದ್ರಲ್ಲೇ.”