ಜರ್ಮನ್ ಸಾಹೇಬರ ಪ್ಲೇಟು ಮತ್ತು ನನ್ನ ಸಂಶೋಧನೆ

ವಿಶ್ವಕೋಶ ಬರೆದವರು ಯಾರಾದರೂ ಎಂದಾದರೂ ನನ್ನ ಮನೆಗೆ ಬಂದರೆ ಅವರಿಗೆ ನಾನು ಕಾಫಿ ಕೊಡುವುದಿಲ್ಲ. ಇಷ್ಟು ಕಟುವಾಗಿ ಮಾತಾಡುವವನು ನಾನಲ್ಲ. ಆದರೆ ನಾನು ಪಟ್ಟ ಪಾಡು ನೀವು ಪಟ್ಟಿದ್ದರೆ ನೀರನ್ನೂ ಕೊಡುತ್ತಿರಲಿಲ್ಲ. ಸಾರಾಬಾಂದ್ ಎಂಬ ಯೂರೋಪಿನ ಹಳೆಯ ಕುಣಿತದ ವಿವರ ಬೇಕಾಗಿ ಕಾಲೇಜಿನ ಲೈಬ್ರರಿಯಲ್ಲಿ ಒಂದು ಸಂಪುಟ ತೆಗೆದೆ. ‘ನೃತ್ಯ ನೋಡಿ’ ಎಂದಿತ್ತು. ನೃತ್ಯ ನೋಡಿದೆ, ‘ವಾದ್ಯಸಂಗೀತ ನೋಡಿ’ ಎಂದಿತ್ತು. ಆ ಸಂಪುಟ ಪ್ರಿನ್ಸಿಪಾಲರ ಮನೆಯಲ್ಲಿತ್ತು. ವಾರ ಕಾದು, ಹಲ್ಲುಗಿಂಜಿ ತರಿಸಿಕೊಂಡು ತೆರೆದರೆ ಅಲ್ಲಿ ‘ಸಾರಾಬಾಂದ್ ನೋಡಿ’ ಎಂದಿತ್ತು.

ದಾವಣಗೆರೆಯ ಇಂಗ್ಲಿಷ್ ಮೇಷ್ಟ್ರಿಗೆ ಸಾರಾಬಾಂದ್ ಯಾಕೆ ಬೇಕಾಗಿತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಗಿರಿಜೆ ದಿನಕ್ಕೆ ಎರಡು ಸಲ ಕೇಳುತ್ತಿದ್ದಳು. ಮಾಸಪತ್ರಿಕೆಯೊಂದರ ಸಂಪಾದಕರು ಸಂಗೀತದ ವಿಶೇಷ ಸಂಚಿಕೆ ತರುವವರಿದ್ದರು. ಪಾಶ್ಚಾತ್ಯ ಸಂಗೀತದ ಮೇಲೆ ಬರೆಯಬಲ್ಲವರು ನಿಮ್ಮ ಕಡೆ ಯಾರಾದರೂ ಇದ್ದಾರೆಯೇ ಎಂದು ನನಗೆ ಕಾಗದ ಹಾಕಿದರು. ಇದ್ದಾರೆ ಎಂದು ಬರೆದೆ. ಯಾರು ಎಂದು ಕೇಳಿದರು. ನಾನೇ ಎಂದು ಬರೆದೆ. ಊರಿಗೆಲ್ಲ ತಡವಾಗಿ ಬರುವ ಅಂಚೆ ಆ ಒಂದು ತಿಂಗಳು ಮಾತ್ರ ಯಾಕಷ್ಟು ಚುರುಕಾಗಿ ಕೆಲಸ ಮಾಡಿತೋ ಕಾಣೆ.

ಅದೇ ಹೊತ್ತಿಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಆಯುಧಪೂಜೆಗೆ ನನ್ನನ್ನು ಕರೆದರು. ಯಂತ್ರ ಕೂಡಿಸಲು ಬಂದಿದ್ದ ಜರ್ಮನ್ ಇಂಜಿನಿಯರೊಬ್ಬರು ಕಾರ್ಮಿಕರಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳುವವರಿದ್ದರು. ಅದನ್ನು ನಾನು ಕನ್ನಡದಲ್ಲಿ ಹೇಳಬೇಕಾಗಿತ್ತು. ಮಾತು ಮುಗಿದ ಮೇಲೆ ಅವರು ನನ್ನನ್ನು ತಮ್ಮ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗಿ ಒಂದು ಪ್ಲೇಟು ತೋರಿಸಿದರು. ಗ್ರಾಮಫೋನ್ ರಿಕಾರ್ಡಿಗೆ ನಮ್ಮೂರಲ್ಲಿ ಪ್ಲೇಟು ಎನ್ನುವುದೇ ವಾಡಿಕೆ. ಎರಡು ಶತಮಾನದ ಹಿಂದೆ ಅವರ ದೇಶದಲ್ಲಿ ಚೆಲ್ಲೋ ಎಂಬ ಒಂದೇ ವಾದ್ಯಕ್ಕೆಂದು ಕಟ್ಟಿದ ಸಂಗೀತವಂತೆ ಅದು. ಪಕ್ಕವಾದ್ಯವಿಲ್ಲ, ತಾಳದವರಿಲ್ಲ. ಪ್ರತಿ ತುಣುಕಿಗೂ ಒಂದೊಂದು ಕುಣಿತದ ಹೆಸರು: ಅಲ್ಮಾಂದ್, ಕುರಾಂತ್, ಸಾರಾಬಾಂದ್, ಜೀಗ್. ಆದರೆ ಅದಕ್ಕೆ ಯಾರೂ ಕುಣಿಯುವುದಿಲ್ಲ, ಕೂತು ಕೇಳುತ್ತಾರೆ ಎಂದರು. ನನಗೆ ವಿಷಯ ಸಿಕ್ಕಿಬಿಟ್ಟಿತು. ಪ್ಲೇಟನ್ನು ಎರಡು ತಿಂಗಳ ಮಟ್ಟಿಗೆ ಕೊಡುತ್ತೀರಾ ಎಂದು ನಾಚಿಕೆ ಬಿಟ್ಟು ಕೇಳಿದೆ.

ಸಾಹೇಬರು ಹಿಂದೆಮುಂದೆ ನೋಡಿದರು. ಊರಿನಿಂದ ತಂದದ್ದು ಅದೊಂದೇ. ಭಾನುವಾರ ಬೆಳಗ್ಗೆ ಅದನ್ನು ಕೇಳಿದರೆ ಮಾತ್ರ ತಮಗೆ ಭಾನುವಾರ ಎಂದರು. ಇನ್ನೂ ಎರಡು ವರ್ಷ ಇಲ್ಲೇ ಇರಬೇಕಂತೆ. ನಿಮ್ಮಲ್ಲಿ ಸರಿಯಾದ ಯಂತ್ರವಿದೆಯೇ ಎಂದು ಕೇಳಿದರು. ಇದೆ ಎಂದೆ. ನನ್ನ ಮನೆಯಲ್ಲಿದ್ದ ಯಂತ್ರವೆಂದರೆ ಗಿರಿಜೆಯ ಹೊಲಿಗೆ ಯಂತ್ರ ಒಂದೇ.

ದಾವಣಗೆರೆಯ ಮದುವೆಗಳಿಗೆಲ್ಲ ಹಾಡು ಹಾಕುವ ಸೌಂಡ್ ಸರ್ವಿಸ್ ರುದ್ರಪ್ಪನ ಹತ್ತಿರ ಓಡಿದೆ. ಮದುವೆಯಿಲ್ಲದ ದಿನ ನೋಡಿಕೊಂಡು ಅವನು ತನ್ನ ಗ್ರಾಮಫೋನ್ ಪೆಟ್ಟಿಗೆಯನ್ನು ಸೈಕಲ್ ಮೇಲೆ ಹೇರಿಕೊಂಡು ಕೆ.ಬಿ. ಬಡಾವಣೆಯ ನಮ್ಮ ಮನೆಗೆ ಬಂದ. ಪ್ಲೇಟನ್ನು ಕೈಯಲ್ಲಿ ತಿರುಗಿಸಿ ನೋಡಿ, “ಬಗ್ತೈತಲ್ರೀ ಮೇಷ್ಟ್ರೇ! ಕೆಳಗ ಬಿದ್ರೂ ಒಡೆಯಲ್ಲ ಬಿಡ್ರಿ” ಎಂದ. ಇದು ನಿನ್ನ ಪೆಟ್ಟಿಗೆಗೆ ಹೊಂದುತ್ತದೇನಪ್ಪ ಎಂದೆ. “ಪ್ಲೇಟು ಅಂದ್ರ ಪ್ಲೇಟು. ತಿರುಗ್ತೈತೆ, ಹಾಡ್ತೈತೆ. ಜರ್ಮನಿದಾದ್ರೇನು, ಹುಬ್ಬಳ್ಳಿದಾದ್ರೇನು?” ಎಂದು ಪೆಟ್ಟಿಗೆಯ ಮುಳ್ಳನ್ನು ಅದರ ಮೇಲೆ ಇಟ್ಟೇಬಿಟ್ಟ.

ನಮಗಿಬ್ಬರಿಗೂ ತಿಳಿಯದ ಒಂದು ಸಂಗತಿಯನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅದು ಹೊಸ ಬಗೆಯ ಪ್ಲೇಟು. ಮದುವೆ ಮನೆಯ ಪ್ಲೇಟಿನ ಅರ್ಧ ವೇಗಕ್ಕಿಂತಲೂ ನಿಧಾನವಾಗಿ ತಿರುಗಬೇಕಾದದ್ದು. ಅದರ ಗೆರೆಗಳು ಕೂದಲೆಳೆಯಷ್ಟು ಸಣ್ಣ; ಮುಳ್ಳೂ ಅಷ್ಟೇ ಸಣ್ಣದಿರಬೇಕು. ರುದ್ರಪ್ಪನ ಮುಳ್ಳು ಮದುವೆ ಮನೆಯ ಮುಳ್ಳು.

ಹೊರಟ ಸದ್ದು ಕೀರಲು, ಓಟ. “ಯಾರ್ರೀ ಅದು, ಬೆಕ್ಕಿನ ಬಾಲ ತುಳಿದಂಗೆ ಐತಲ್ಲ!” ಎಂದು ಗಿರಿಜೆ ಅಡುಗೆಮನೆಯಿಂದ ಬಂದಳು. ಅಜ್ಞಾನಿ ಎಂದುಕೊಂಡೆ. ಚೆಲ್ಲೋ ಎದೆಮಟ್ಟದ ವಾದ್ಯ, ಮೊಣಕಾಲುಗಳ ನಡುವೆ ಇಟ್ಟು ನುಡಿಸುತ್ತಾರೆ, ಗಂಡುದನಿ ಎಂದು ಪುಸ್ತಕದಲ್ಲಿತ್ತು. ನಾನು ಕೇಳಿದ್ದು ಎಳೆ ಮಗುವಿನ ದನಿ. ಯಾರಾದರೂ ಇಲ್ಲಿ ನಿಂತು ಅನುಮಾನ ಪಡುತ್ತಿದ್ದರು. ನಾನು ಸಂಶೋಧಕ, ಅನುಮಾನ ಪಡಲಿಲ್ಲ, ಸಿದ್ಧಾಂತ ಮಾಡಿದೆ. ಆ ಕಾಲದ ಚೆಲ್ಲೋ ಇಂದಿನದಕ್ಕಿಂತ ತೀರಾ ಚಿಕ್ಕದಿರಬೇಕು ಎಂದು ಎರಡು ಪುಟ ಬರೆದೆ.

ಅಷ್ಟರಲ್ಲಿ ಹಳೆಯ ಸಂಗೀತ ನಿಘಂಟೊಂದರಲ್ಲಿ ಸಾರಾಬಾಂದ್ ಬಗ್ಗೆ ಎರಡು ವಾಕ್ಯ ಸಿಕ್ಕಿತು. ಸ್ಪೇನ್ ದೇಶದಲ್ಲಿ ಅದು ಎಷ್ಟು ಚುರುಕಿನ, ಎಷ್ಟು ಮಾನಗೆಟ್ಟ ಕುಣಿತವಾಗಿತ್ತೆಂದರೆ ಸರ್ಕಾರದವರೇ ಅದನ್ನು ನಿಷೇಧಿಸಿದರು ಎಂದು ಮೊದಲನೆಯ ವಾಕ್ಯ. ನನ್ನ ಕಿವಿಗೆ ಕೇಳಿದ್ದಕ್ಕೆ ಸರಿಯಾಗಿ ಹೊಂದಿತು. ಮುಂದೆ ಅದು ಫ್ರಾನ್ಸಿಗೆ ಹೋಗಿ ನಿಧಾನದ, ಗಂಭೀರ ಕುಣಿತವಾಯಿತು ಎಂದು ಎರಡನೆಯ ವಾಕ್ಯ. ಇದು ಅಚ್ಚಿನ ತಪ್ಪು ಎಂದು ತೀರ್ಮಾನಿಸಿ ಪಕ್ಕದಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಚಿಹ್ನೆ ಹಾಕಿದೆ. ಆ ಚಿಹ್ನೆ ಈಗಲೂ ಅಲ್ಲಿದೆ. ಅಳಿಸಲು ಹೋದರೆ ಲೈಬ್ರರಿಯವರು ಪುಸ್ತಕ ಹಾಳು ಮಾಡುತ್ತೀರಿ ಎಂದು ನನ್ನನ್ನೇ ಗದರಿಸಿದರು.

ದಿನ ಬಿಟ್ಟು ದಿನ ಪ್ಲೇಟು ತಿರುಗಿತು. ಲೇಖನ ಹೋಯಿತು. ಎರಡು ತಿಂಗಳಾದ ಮೇಲೆ ಪ್ಲೇಟನ್ನು ಟವೆಲಿನಲ್ಲಿ ಸುತ್ತಿ ಹರಿಹರದ ಬಸ್ ಹತ್ತಿದೆ. ಕುಕ್ಕುವಾಡದಿಂದ ಬಂದಿದ್ದ ಗಿರಿಜೆಯ ಸೋದರಮಾವ ಬಸಣ್ಣ ಜೊತೆಗಿದ್ದರು. ರೈತಾಪಿ ಮನುಷ್ಯ, ಊರಲ್ಲಿ ಕೋಲಾಟ ಕಲಿಸುವವರೂ ಹೌದು. ಹರಿಹರದಾಚೆ ಸಾರಥಿ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೊರಟಿದ್ದವರು, “ಆ ಸಾಹೇಬ್ರ ಪೆಟಗಿ ಒಮ್ಮೆ ನೋಡ್ಕೊಂಡು ಹೋಗ್ತೀನಿ ತಗೋರಿ” ಎಂದು ಹರಿಹರದಲ್ಲೇ ಇಳಿದು ನನ್ನ ಹಿಂದೆ ಬಂದರು.

ಸಾಹೇಬರು ಖುಷಿಯಿಂದ ಪ್ಲೇಟನ್ನು ತಮ್ಮ ಯಂತ್ರದ ಮೇಲಿಟ್ಟರು. ಅದು ನಿಧಾನವಾಗಿ ತಿರುಗುವುದನ್ನು ಕಂಡು, ಕರೆಂಟು ಕಡಿಮೆಯಿದೆಯೇನೋ ಎಂದು ನಾನು ಬಾಯಿ ತೆರೆಯುವವನಿದ್ದೆ. ಆಗ ಆ ದನಿ ಬಂತು. ವಯಸ್ಸಾದ ಗಂಡಸೊಬ್ಬರು ಹಿತ್ತಿಲಲ್ಲಿ ಒಬ್ಬರೇ ಕೂತು ತಮ್ಮಷ್ಟಕ್ಕೆ ಮಾತಾಡಿಕೊಂಡ ಹಾಗಿತ್ತು. ಅದರ ಮೇಲೆ ಒಗ್ಗರಣೆ ಸಿಡಿದಂತೆ ಚಟಪಟ ಸದ್ದು. ಸಾರಾಬಾಂದಿನ ನಡುವೆ ಮುಳ್ಳು ಸಿಕ್ಕಿಕೊಂಡು ಒಂದೇ ಸ್ವರವನ್ನು ಮತ್ತೆ ಮತ್ತೆ ಹೇಳತೊಡಗಿತು. ಸಾಹೇಬರು ಮುಳ್ಳನ್ನು ಎತ್ತಿ, ಯಾವ ಯಂತ್ರದಲ್ಲಿ ಹಾಕಿದಿರಿ ಎಂದು ಕೇಳಿದರು. ಹೇಳಿದೆ. ಅವರು ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ, ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಅವರ ಎರಡು ವರ್ಷದ ಭಾನುವಾರಗಳನ್ನು ನಾನು ಕೆರೆದು ಹಾಕಿದ್ದೆ. ಅಂಥ ನಾಚಿಕೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಬಸಣ್ಣ ಮಾವ ಪ್ಲೇಟನ್ನು ಕೈಗೆತ್ತಿಕೊಂಡು ಬೆಳಕಿಗೆ ಓರೆ ಹಿಡಿದು ನೋಡಿದರು. “ಕೂರಿಗಿ ಸಾಲಿನಾಗ ರಂಟೆ ಹೊಡೆದೀರಲ್ರೀ ಅಳಿಯಂದ್ರೇ” ಎಂದರು. ಏನೆಂದರು ಎಂದು ಸಾಹೇಬರು ತಿರುಗಿದರು. ಸಣ್ಣ ಸಾಲಿನಲ್ಲಿ ಬೀಜ ಬಿತ್ತುವ ಕೂರಿಗೆ, ನೆಲ ಬಗೆಯುವ ದಪ್ಪ ನೇಗಿಲಾದ ರಂಟೆ, ಇವೆರಡನ್ನೂ ಇಂಗ್ಲಿಷಿನಲ್ಲಿ ವಿವರಿಸಿ ನನ್ನ ಅಪರಾಧವನ್ನು ನಾನೇ ಅನುವಾದ ಮಾಡಿದೆ. ಸಾಹೇಬರ ಮುಖ ಸ್ವಲ್ಪ ಸಡಿಲವಾಯಿತು. ಮಾವನಿಗೆ ಕುರ್ಚಿ ಕೊಟ್ಟು ಸಾರಾಬಾಂದನ್ನು ಮತ್ತೆ ಹಾಕಿದರು. ಮಾವ ಕಣ್ಣು ಮುಚ್ಚಿ ಮೊಣಕಾಲ ಮೇಲೆ ಬೆರಳಾಡಿಸಿದರು. “ಮೂರು ಹೆಜ್ಜಿ ಐತೆ. ಎರಡ್ನೇದ್ರ ಮ್ಯಾಲೆ ಕಾಲು ಒಂಚೂರು ನಿಂದ್ರತೈತೆ ನೋಡ್ರಿ” ಎಂದರು. ಅದನ್ನೂ ಅನುವಾದ ಮಾಡಿದೆ. ಸಾಹೇಬರು ಎದ್ದು ಬಂದು ಕೈಕುಲುಕಿದರು, ನನ್ನದನ್ನಲ್ಲ.

ಲೇಖನ ಅಷ್ಟರಲ್ಲಿ ಅಚ್ಚಾಗಿತ್ತು. ತಿದ್ದುಪಡಿ ಕಳಿಸಿದೆ. ಓದುಗರು ಬಹಳ ಮೆಚ್ಚಿದ್ದಾರೆ, ತಿದ್ದುಪಡಿಗೆ ಜಾಗವಿಲ್ಲ, ಇನ್ನೊಂದು ಲೇಖನ ಕಳಿಸಿ ಎಂದು ಸಂಪಾದಕರು ಬರೆದರು. ನನ್ನನ್ನು ಬೈಯುವವರು ಒಬ್ಬರಾದರೂ ಈ ನಾಡಿನಲ್ಲಿ ಇಲ್ಲವೇ ಎಂದು ನನಗೆ ಸಿಟ್ಟೇ ಬಂತು.

ಹೊಸ ಪ್ಲೇಟು ತರಿಸಿಕೊಡುತ್ತೇನೆಂದು ಸಾಹೇಬರಿಗೆ ಹೇಳಿದ್ದೆ. ಬೆಂಗಳೂರಿನಲ್ಲೂ ಸಿಗಲಿಲ್ಲ. ಬೇಡ ಎಂದರು ಅವರು. ಭಾನುವಾರ ಬೆಳಗ್ಗೆ ನೀವೇ ಬನ್ನಿ; ಮುಳ್ಳು ಸಿಕ್ಕಿಕೊಂಡಲ್ಲಿ ಎದ್ದು ಎತ್ತಿಡುವ ಕೆಲಸ ನಿಮ್ಮದು, ನಾನು ಏಳುವುದಿಲ್ಲ ಎಂದರು. ಶಿಕ್ಷೆ ನ್ಯಾಯವಾಗಿಯೇ ಇತ್ತು. ಅಂದಿನಿಂದ ಹೋಗುತ್ತಿದ್ದೇನೆ. ಮೊದಮೊದಲು ಸಿಕ್ಕಿಕೊಂಡ ಮೇಲೆ ಗಡಿಬಿಡಿಯಿಂದ ಓಡುತ್ತಿದ್ದೆ. ಈಗ ಅದು ಬರುವುದು ಮೊದಲೇ ತಿಳಿಯುತ್ತದೆ. ಹಾಡು ಕೆಡದ ಹಾಗೆ ಮೆಲ್ಲಗೆ ಏಳುತ್ತೇನೆ. ಕುರ್ಚಿಯಿಂದ ಯಂತ್ರಕ್ಕೆ ಮೂರೇ ಹೆಜ್ಜೆ. ಸಾಹೇಬರು ಕಣ್ಣು ಮುಚ್ಚಿಯೇ ಇರುತ್ತಾರೆ ಎಂದುಕೊಂಡಿದ್ದೆ. ಮೊನ್ನೆ ಭಾನುವಾರ ನೋಡಿದರೆ ಅವರು ನನ್ನ ಪಾದಗಳನ್ನೇ ನೋಡುತ್ತ ನಗುತ್ತಿದ್ದರು. ಎರಡನೆಯ ಹೆಜ್ಜೆಯ ಮೇಲೆ ನಾನು ಒಂದು ಚೂರು ನಿಲ್ಲುತ್ತೇನಂತೆ. ಎಷ್ಟೋ ವಾರಗಳಿಂದ ಹಾಗೆಯೇ ಮಾಡುತ್ತಿದ್ದೀರಿ ಎಂದರು.